ಕಂದು ಗುಳಿಗೆ, ಆರು ವಾರ

ಮಾರ್ಚ್ ೧೪, ಗುರುವಾರ

ಪ್ರೀತಿಯ ಗುಬ್ಬಿಗೆ,

ಅಪ್ಪನ ಆಶೀರ್ವಾದಗಳು. ಹದಿನೈದು ದಿನದಿಂದ ಬರೆಯಬೇಕೆಂದುಕೊಂಡೂ ಬರೆಯದೇ ಉಳಿದೆ, ಬೇಸರಿಸಬೇಡ. ಕೋಪ ಇಳಿಯಲೆಂದು ಕಾದೆ. ಈಗಲೂ ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತಿದ್ದೇನೆ. ಒಳಗಿನಿಂದ ನಿನ್ನಮ್ಮ, "ಮೆಲ್ಲಗೆ ರೀ, ಕೊನೇ ಸಾಲಲ್ಲಿ ಕೂತೋರಿಗೂ ಕೇಳಿಸ್ತಿದೆ" ಅನ್ನುತ್ತಾಳೆ. ಕೇಳಲಿ! ಹರೆಯದಲ್ಲಿ ಮೈಕಿಲ್ಲದೆ ಇಡೀ ರಂಗಮಂದಿರ ತುಂಬಿಸಿದ ಗಂಟಲು ಇದು.

ಮೊದಲಿನಿಂದ ಹೇಳುತ್ತೇನೆ, ಕೇಳು. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇಲಿಗಳ ಆಹಾರ ಕಲಸುವವನು ನಾನು. ಕೆಂಪು ಗುಳಿಗೆಯಲ್ಲಿ ಕೊಬ್ಬು, ಕೊಲೆಸ್ಟರಾಲ್ ಧಾರಾಳ. ಅದನ್ನು ತಿಂದ ಇಲಿಯ ರಕ್ತನಾಳ ಕಟ್ಟಿಕೊಳ್ಳುತ್ತದೆ. ನೀಲಿ ಗುಳಿಗೆ ಅದರ ಜೋಡಿ. ಅದೇ ಹಾಲಿನ ಪ್ರೋಟೀನು, ಅದೇ ನಾರು, ಅದೇ ಜೀವಸತ್ವ. ಕೊಬ್ಬಿನ ಜಾಗದಲ್ಲಿ ಮಾತ್ರ ಪಿಷ್ಟ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ನಾಳ ಕಟ್ಟಿಸಿದ ಕಳ್ಳ ಯಾರೆಂದು ಗೊತ್ತಾಗುವುದು.

ನಡುವೆ ಗುಳಿಗೆ ಒತ್ತುವ ಯಂತ್ರ ಕೆಟ್ಟಿತು. ಕೆಂಪಿನ ದಾಸ್ತಾನಿತ್ತು, ನೀಲಿ ಮುಗಿಯಿತು. ಹತ್ತು ದಿನ ಕಾಯಿರಿ ಎಂದು ಮೇಲಿನ ಡಾಕ್ಟರುಗಳನ್ನು ಅಂಗಲಾಚಿದೆ. ಕಾಯಲಿಲ್ಲ. ಪ್ರಯೋಗಕ್ಕೆ ಸೇರದ ಇಲಿಗಳಿಗೆ ಹಾಕುವ ಧಾನ್ಯದ ಕಂದು ಗುಳಿಗೆಯನ್ನೇ, ಯಂತ್ರ ಸರಿಹೋದ ಮೇಲೂ ಬಿಡದೆ, ಆರು ವಾರ ಸುರಿದರು. ಅದರಲ್ಲಿ ಸೋಯಾ, ಹೊಟ್ಟು, ಇನ್ನೇನೇನೋ. ಒಂದು ಮೂಟೆಯಂತೆ ಇನ್ನೊಂದಿಲ್ಲ. ಇಲಿಯ ನಾಳ ಚೊಕ್ಕಟವಾಗಿ ಉಳಿದದ್ದು ಕೊಬ್ಬಿಲ್ಲದ್ದಕ್ಕೋ, ಹೊಟ್ಟು ತಿಂದದ್ದಕ್ಕೋ, ಯಾವ ಬ್ರಹ್ಮ ಹೇಳಬೇಕು? ವರದಿಯಲ್ಲಿ ಮಾತ್ರ ಮೊದಲಿನಿಂದ ಕೊನೆಯವರೆಗೂ ನೀಲಿಯೇ! ಅದನ್ನು ನಂಬಿ ನಾಳೆ ಯಾರದೋ ಎದೆನೋವಿಗೆ ಔಷಧ ಗೊತ್ತುಮಾಡುತ್ತಾರೆ.

ಆ ವರದಿ ಒಪ್ಪಲು ಮೂರನೇ ಮಹಡಿಯಲ್ಲಿ ಸೇರಿದ ಸಭೆಗೆ, ಕರೆಯದಿದ್ದರೂ ಹೋದೆ. ಮೂರು ಬಣ್ಣದ ಗುಳಿಗೆ, ಮೂರು ಡಬ್ಬಿ. ಮೇಜಿನ ಮೇಲೆ ಸಾಲಾಗಿಟ್ಟು, ಒಂದು ಮಾತೂ ತಪ್ಪದಂತೆ ಎಲ್ಲ ಹೇಳಿದೆ. ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಯಾರಿವರು?" ಎಂದರು. ಅಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಆಮೇಲೆ ಅವರ ಸಹಾಯಕ, "ಇಲಿಗಳ ಬಾಣಸಿಗರು ಸಾರ್" ಎಂದ. ಕೋಣೆಗೆ ಕೋಣೆಯೇ ನಕ್ಕಿತು. ನಾಟಕದಲ್ಲಿ ಜನ ನನ್ನನ್ನು ನೋಡಿ ಎಷ್ಟೋ ಸಲ ನಕ್ಕಿದ್ದಾರೆ. ಆಗೆಲ್ಲ ನಗಿಸಿದವನು ನಾನೇ ಆಗಿದ್ದೆ.

ನಿನ್ನೆ ಸಭೆಯ ನಡಾವಳಿಯ ಪ್ರತಿ ಕೆಳಗೆ ಬಂತು. ಆಹಾರದ ಕುರಿತು ಯಾರ ಆಕ್ಷೇಪವೂ ಇರಲಿಲ್ಲವಂತೆ. ಹಾಗಾದರೆ ಅಷ್ಟು ಹೊತ್ತು ಅಲ್ಲಿ ಗಂಟಲು ಹರಿದುಕೊಂಡದ್ದು ಯಾವ ಭೂತ? ಸೋಮವಾರ ಅದಕ್ಕೆ ಸಹಿ ಬೀಳುತ್ತದೆ. ಆಮೇಲೆ ನಾನು ಕೂಗಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಅಮ್ಮ ಕಳಿಸಿದ ಸ್ವೆಟರ್ ಅಳತೆಗೆ ಸರಿಹೋಯಿತೇ? ತೋಳು ಗಿಡ್ಡವಾದರೆ ಬಿಚ್ಚಿ ಹೆಣೆಯುತ್ತಾಳಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಲೆ ಎತ್ತಿ ಬಾಳು, ಮಗಳೇ.

ನಿನ್ನ
ಅಪ್ಪ

ತಾ.ಕ.: ಕಿಟಕಿಯ ಪಕ್ಕ ಕೂತು ಆ ನಡಾವಳಿ ಬರೆದುಕೊಳ್ಳುತ್ತಿದ್ದವಳು ನೀನು. ತಲೆ ಎತ್ತಲಿಲ್ಲ, ಕಂಡಿರಲಾರದೆಂದೇ ಎಲ್ಲ ಬರೆದೆ. ನೀನು ಕೆಲಸ ಮಾಡುವ ಮೂರನೇ ಮಹಡಿಯವರಿಗೆ ನಮ್ಮ ಸಂಬಂಧ ತಿಳಿಯದೆಂದು ಬಲ್ಲೆ. ಮೆಟ್ಟಿಲಲ್ಲಿ ನೀನು ಎದುರಾದರೆ ನಾನೂ ಗೋಡೆ ನೋಡುತ್ತೇನೆ. "ಯಾರಿವರು?" ಎಂದಾಗ ಸಹಾಯಕನಿಗಿಂತ ಮೊದಲು ಉತ್ತರ ಹೇಳಬಲ್ಲವಳು ಅಲ್ಲಿ ಒಬ್ಬಳಿದ್ದಳು. ಬೇಡ, ಅದನ್ನು ಹೇಳಬೇಡ. ಸೋಮವಾರದೊಳಗೆ ನಡಾವಳಿಗೆ ಒಂದು ಸಾಲು ಸೇರಿಸು: ಕಂದು ಗುಳಿಗೆ, ಆರು ವಾರ. ಹೇಳಿದವನ ಹೆಸರೂ ಬೇಡ, ಆಹಾರ ಕಲಸುವವನು ಎಂದರೆ ಸಾಕು.