ಇನ್ನೂರು ಮಾತು, ಒಂದೇ ದನಿ

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ

ನನ್ನ ಪ್ರಾಣಮಿತ್ರ ಪಿಸುಮಾತಿನ ಸರದಾರನಿಗೆ, ಈ ಗುಡುಗಿನ ಗಟ್ಟಿ ಅಪ್ಪುಗೆ.

ಎಲವೋ ಗೆಳೆಯ! ನಿನ್ನ ಎರಡು ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯದ ಈ ಪಾಪಿಯನ್ನು ಬೇಕಾದರೆ ಗಲ್ಲಿಗೇರಿಸು, ಆದರೆ ಮೊದಲು ನನ್ನ ವಾದ ಕೇಳು. ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆ ಈಗಲೂ ನಿನ್ನ ಕನ್ನಡಕ ಬಚ್ಚಿಟ್ಟು ಆಟ ಆಡಿಸುತ್ತಾರಾ?

ನನ್ನ ಗಂಟಲಿನ ಆಪರೇಷನ್ ವಿಷಯ ನಿನಗೆ ಗೊತ್ತೇ ಇದೆ. ನಾಟಕದಲ್ಲಿ ಕೊನೆಯ ಸಾಲಿನವನ ಕಿವಿಗೂ ಮೈಕಿಲ್ಲದೆ ಮುಟ್ಟುತ್ತಿದ್ದ ದನಿಯನ್ನು ಡಾಕ್ಟರು ಕಿತ್ತು ಬಿಸಾಡಿದರು. ಅದಕ್ಕೆ ಮೂರು ವಾರ ಮುಂಚೆ ನಾನು ಮಾಡಿದ ಘನಕಾರ್ಯ ಮಾತ್ರ ನಿನಗೆ ಹೇಳಿಲ್ಲ. ದಿನಬಳಕೆಯ ಇನ್ನೂರು ಮಾತು ಪಟ್ಟಿ ಮಾಡಿ, ಮನೆಯ ಕಂಪ್ಯೂಟರಿನ ಮುಂದೆ ಕೂತು ನನ್ನ ದನಿಯಲ್ಲೇ ರೆಕಾರ್ಡ್ ಮಾಡಿಟ್ಟೆ. ‘ನೀರು ಕೊಡು’, ‘ಬಾಗಿಲು ಹಾಕು’, ‘ಯಾರು ಬಂದರು’, ‘ಹುಷಾರಾಗಿ ಹೋಗಿ ಬಾ’. ಬೇಕಾದ ಮಾತಿನ ಮೇಲೆ ಒತ್ತಿದರೆ ಸಾಕು, ಗುಡುಗು ಮಾತಾಡಿತು!

ಒಂದೇ ಮಾತನ್ನು ಒಂದೇ ಥರ ಹೇಳಲು ನಾನೇನು ಗಿಣಿಯೇ? ಪ್ರತಿ ಮಾತನ್ನೂ ನಾಲ್ಕು ಭಾವದಲ್ಲಿ ಹೇಳಿ ನಾಲ್ಕು ಫೋಲ್ಡರಿನಲ್ಲಿಟ್ಟೆ. ಕೋಪ, ತಮಾಷೆ, ಪ್ರೀತಿ, ಸಾಮಾನ್ಯ. ಒಳಗಿನ ಫೈಲುಗಳಿಗೆ ಮಾತ್ರ ನಾಲ್ಕರಲ್ಲೂ ಅದೇ ಹೆಸರು. ಅಲ್ಲೇ ಎಡವಿದೆ ನೋಡು.

ಬರಬರುತ್ತಾ ಕಂಪ್ಯೂಟರ್ ಮುದಿಯಾಯಿತು. ಒತ್ತಿದರೆ ಐದು ಎಣಿಸಿದ ಮೇಲೆ ಮಾತು ಹೊರಡುತ್ತಿತ್ತು. ಎದುರಿನವರು ಮಾತು ಮುಗಿಸಿ ಎದ್ದು ಹೋದ ಮೇಲೆ ನನ್ನ ‘ಕೂತ್ಕೊಳ್ಳಿ’! ರಂಗದ ಮೇಲೆ ಮಾತು ಮರೆತಾಗ, ಪರದೆಯ ಹಿಂದಿನಿಂದ ನೀನು ಪಿಸುಗುಟ್ಟಿ ನೆನಪಿಸುವುದು ಅರೆಕ್ಷಣ ತಡವಾದರೆ ನಿನ್ನ ಮೇಲೆ ಹಾರಾಡುತ್ತಿದ್ದವನು ಇದನ್ನು ಹೇಗೆ ಸಹಿಸಲಿ? ಹುಡುಕಿದೆ. ಸಿಕ್ಕಿತು. ಕಂಪ್ಯೂಟರನ್ನು ಚುರುಕು ಮಾಡುವ ಸಾಫ್ಟ್‌ವೇರ್, ಸಂಪೂರ್ಣ ಉಚಿತ. ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎನ್ನುವ ಜಾತಿ ನಾವು. ಹಾಕಿದೆ.

ಪರದೆಯ ತುಂಬ ಕೆಂಪು! ‘ನಿಮ್ಮ ಕಂಪ್ಯೂಟರಿನಲ್ಲಿ ೧,೨೪೬ ದೋಷಗಳಿವೆ.’ ‘ಸರಿಪಡಿಸಲೇ?’ ಸರಿಪಡಿಸು ತಂದೆ. ‘ಒಂದೇ ಹೆಸರಿನ ಹೆಚ್ಚುವರಿ ಫೈಲುಗಳನ್ನು ತೆಗೆಯಲೇ?’ ಕಸ ತಾನೆ, ತೆಗೆ. ‘ಖಾಲಿಯಾದ ಜಾಗವನ್ನು ಪೂರ್ತಿ ಒರೆಸಲೇ?’ ಒರೆಸು ಪುಣ್ಯಾತ್ಮ!

ಸಾಲಿನಲ್ಲಿ ಮೊದಲು ನಿಂತ ಫೋಲ್ಡರನ್ನು ಉಳಿಸಿ ಮಿಕ್ಕ ಮೂರನ್ನೂ ಅದು ಗುಡಿಸಿಬಿಟ್ಟಿತು ಕಣೋ. ಮೊದಲು ನಿಂತಿದ್ದು ಕೋಪ.

ಈಗ ಕಂಪ್ಯೂಟರ್ ಬಾಣದ ವೇಗ. ‘ನೀರು ಕೊಡು’ ಒತ್ತಿದರೆ ತಕ್ಷಣ, ಶತ್ರುವಿನ ತಲೆ ಕೇಳಿದ ಹಾಗೆ, ‘ನೀರು ಕೊಡು!’ ಕೆಳಗಿನ ಮನೆಯವರು ಓಡಿ ಬಂದು ಬಾಗಿಲು ಬಡಿದರು. “ಏನ್ ಸಾರ್, ಜಗಳಾನಾ?” ನನ್ನವಳು ಹೊಲಿಗೆ ಮಿಷನ್ನಿಂದ ತಲೆಯನ್ನೂ ಎತ್ತದೆ, “ಇಲ್ಲಪ್ಪ, ಬಾಯಾರಿಕೆ,” ಅಂದಳು. ಮಗಳು ಫೋನ್ ಮಾಡಿದಾಗ ‘ಊಟ ಆಯಿತಾ’ ಒತ್ತಿದೆ. ಅತ್ತ ಕಡೆಯಿಂದ ಸಣ್ಣ ದನಿ: “ಅಪ್ಪಾ, ನಾನೇನು ತಪ್ಪು ಮಾಡಿದೆ?” ‘ಏನೂ ಇಲ್ಲ ಮಗಳೇ’ ಒತ್ತಿದೆ. ಅದೂ ಗರ್ಜನೆ! ಅವಳು ಫೋನ್ ಇಟ್ಟಳು.

ಖಳನ ವೇಷ ಹಾಕಿ, ನಾಟಕ ಮುಗಿದು, ದೀಪ ಆರಿ, ಬಣ್ಣ ಮಾತ್ರ ಮುಖ ಬಿಟ್ಟು ಬರದವನ ಸ್ಥಿತಿ ನನ್ನದು. ಕಂಪ್ಯೂಟರ್ ರಿಪೇರಿಯವನು ಎರಡು ಸಲ ಬಂದು ನೋಡಿದ. “ಅಳಿಸಿದ್ದಷ್ಟೇ ಆಗಿದ್ರೆ ಹೇಗಾದ್ರೂ ತೆಗೀಬಹುದಿತ್ತು ಯಜಮಾನ್ರೇ. ನೀವು ಜಾಗಾನೂ ಒರೆಸೋಕೆ ಹೇಳಿದ್ದೀರಿ.” ಬೇಕಾದರೆ ಕಂಪ್ಯೂಟರಿನದೇ ದನಿ ಹಾಕಿಕೊಡುತ್ತೇನೆಂದ. ಕೇಳಿದೆ. ಬಸ್ಸು ಎಷ್ಟನೇ ಅಂಕಣದಿಂದ ಹೊರಡುತ್ತದೆಂದು ಹೇಳುವ ದನಿ! ಬೇಡವೆಂದು ಕೈಮುಗಿದೆ. ಆ ಹಾಳು ಸಾಫ್ಟ್‌ವೇರ್ ಕಿತ್ತರೂ ಹೋಗಿಲ್ಲ. ದಿನಾ ಬೆಳಿಗ್ಗೆ ಮೂಲೆಯಿಂದ ಇಣುಕಿ, ‘ಅಭಿನಂದನೆಗಳು, ಈಗ ಎಲ್ಲವೂ ಸರಿಯಾಗಿದೆ’ ಅನ್ನುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ. ನಾಟಕದ ತಾಲೀಮಿನಲ್ಲಿ ನೀನು ರೆಕಾರ್ಡ್ ಮಾಡಿಕೊಂಡ ಟೇಪುಗಳು ಇನ್ನೂ ಇವೆಯಲ್ಲ? ಅದರಲ್ಲಿ ಎಲ್ಲಾದರೂ, ಬಿಡುವಿನಲ್ಲಾದರೂ, ಚಹಾ ಕುಡಿಯುವಾಗಲಾದರೂ, ನಾನು ಮೆಲ್ಲಗೆ ಆಡಿದ ಒಂದು ಮಾತು ಸಿಕ್ಕೀತೇ, ಹುಡುಕು. ಪಾತ್ರದ ಮಾತು ಬೇಡ. ಅದರಲ್ಲಿ ನಾನು ಯಾರನ್ನು ಬೈಯದೆ ಬಿಟ್ಟಿದ್ದೇನೆ!

ನಿನ್ನ ಮಂಡಿ ಗಟ್ಟಿಯಾಗಲಿ, ಮನೆ ಮಕ್ಕಳ ಹೊಟ್ಟೆ ತಣ್ಣಗಿರಲಿ. ಅತ್ತಿಗೆಗೆ ನಮಸ್ಕಾರ.

ಇಂತಿ ನಿನ್ನ,
ಗುಡುಗು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನೆ ಸ್ಲೇಟಿನ ಮೇಲೆ ನನ್ನವಳಿಗೆ ಬರೆದು ತೋರಿಸಿದೆ: ‘ಹತ್ತು ದಿನದಿಂದ ನಿನ್ನ ಮೇಲೆ ಕಿರುಚುತ್ತಿರುವುದು ನಾನಲ್ಲ, ತಪ್ಪು ತಿಳಿಯಬೇಡ. ಪ್ರೀತಿಯ ಫೋಲ್ಡರ್ ಅಳಿಸಿಹೋಗಿದೆ.’ ಅವಳು ಓದಿದಳು. ಚುಚ್ಚಲಿಲ್ಲ, ಕೊಂಕಿಲ್ಲ. ಸೂಜಿಗೆ ದಾರ ಪೋಣಿಸುತ್ತಾ, ಗೊತ್ತಿಲ್ಲದ್ದನ್ನು ಕೇಳುವವಳ ಹಾಗೆ ಕೇಳಿದಳು: “ಏನು ಬದಲಾಗಿದೆ ರೀ? ನನಗೇನೂ ಗೊತ್ತಾಗಲೇ ಇಲ್ಲವಲ್ಲ. ಪ್ರೀತಿ ಅಂತಲೂ ಒಂದು ಇತ್ತಾ?”

ಇತ್ತು ಕಣೋ. ಇನ್ನೂರು ಮಾತೂ ಇದ್ದವು. ಸರಿಯಾದ ಸಂದರ್ಭ ಬರಲಿ ಅಂತ ಒಂದನ್ನೂ ಒತ್ತಿರಲಿಲ್ಲ.