ನಮ್ಮ ಗೇಟಿಗೆ ಒರಗಿದ ಪೊರಕೆ

ಭಾನುವಾರ, ಮಧ್ಯಾಹ್ನ

ರೀ,

ಇಷ್ಟು ವರ್ಷ ಅಡುಗೆಮನೆಯಿಂದ ಕೂಗಿದ್ದನ್ನೇ ಕಾಗದದ ಮೇಲೆ ಬರೆದಿದ್ದೇನೆ. ಬೇರೆ ಹೇಗೆ ಕರೆಯಬೇಕೋ ತಿಳಿಯಲಿಲ್ಲ. ‘ಪ್ರೀತಿಯ’ ಎಂದು ಶುರುಮಾಡಿ ಹೊಡೆದುಹಾಕಿದೆ. ಆ ಪದ ಬರೆಯುವ ಮುಖ ಈಗ ನನಗಿಲ್ಲ. ಫೋನ್ ಮಾಡಿದಾಗಲೆಲ್ಲ ನಿಮ್ಮ ಅಕ್ಕನೇ ಎತ್ತುತ್ತಾರೆ. ‘ಅವನು ಮಲಗಿದಾನಮ್ಮ’ ಅನ್ನುತ್ತಾರೆ. ಬೆಳಗ್ಗೆ ಕೇಳಿದರೂ ಮಲಗಿದ್ದೀರಿ, ಸಂಜೆ ಕೇಳಿದರೂ ಮಲಗಿದ್ದೀರಿ. ಕುಂಭಕರ್ಣನೂ ನಡುವೆ ಒಮ್ಮೆ ಎದ್ದು ಊಟ ಮಾಡುತ್ತಿದ್ದನಲ್ಲ! ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸುತ್ತದೆ, ಆದರೂ ನಾನು ಸರಿ ಎಂದು ಇಟ್ಟುಬಿಡುತ್ತೇನೆ.

ಮೊದಲು ಬೀದಿಯ ಸುದ್ದಿ ಹೇಳಿಬಿಡುತ್ತೇನೆ. ಮೂಲೆಯ ಕಂಬಕ್ಕೆ ಕೊನೆಗೂ ದೀಪ ಬಂತು. ಪಾರ್ಕಿನ ಗೇಟಿಗೆ ಎಣ್ಣೆ ಬಿಟ್ಟಿದ್ದಾರೆ, ಈಗ ಕಿರುಗುಟ್ಟುವುದಿಲ್ಲ. ನೀರು ಮೊದಲು ಮೇಲಿನ ಸಾಲಿಗೆ ಬಿಡಬೇಕೋ ಕೆಳಗಿನ ಸಾಲಿಗೋ ಎಂಬ ಜಗಳ ಎಲ್ಲಿತ್ತೋ ಅಲ್ಲೇ ಇದೆ. ಸಂಘದ ಕಾರ್ಯದರ್ಶಿ ಅನ್ನಿಸಿಕೊಂಡ ತಪ್ಪಿಗೆ ಎರಡೂ ಸಾಲಿನವರ ಬೈಗುಳ ನನ್ನ ಪಾಲಿಗೆ. ಸಾಕು ಬಿಡಿ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆಂದು ನಿಮಗೆ ಗೊತ್ತು. ಆಡಬೇಕಾದ ಮಾತು ಬಾಯಿಗೆ ಬರದಿದ್ದಾಗ ನಾನು ಹೀಗೇ ಊರೆಲ್ಲ ಸುತ್ತಿ ಬರುವುದು.

ಹೋದ ಭಾನುವಾರದ ಮಾತಿಗೇ ಬರುತ್ತೇನೆ. ನಮ್ಮ ಪೊರಕೆಯ ನಿಯಮ ಮಾಡಿದವಳು ನಾನೇ ಅಲ್ಲವೇ? ಬೀದಿ ಸ್ವಚ್ಛ ಮಾಡುವ ದಿನ ಕೆಲಸ ಒಪ್ಪಿಕೊಂಡು ಯಾರು ಕೈಕೊಡುತ್ತಾರೋ, ಅವರ ಗೇಟಿಗೆ ಸಂಘದ ಉದ್ದ ಪೊರಕೆ ಒರಗಿಸುವುದು. ಅವರು ಪಾರ್ಕು ಗುಡಿಸಿ ಅದನ್ನು ವಾಪಸು ತಂದೊಪ್ಪಿಸುವವರೆಗೆ ಅದು ಅಲ್ಲೇ ನಿಂತಿರಬೇಕು, ಹೋಗಿಬರುವವರೆಲ್ಲ ನೋಡಬೇಕು. ನಾನು ಬಸ್ಸಿನಲ್ಲಿ ಸೀಟಿ ಊದುವ ಕಂಡಕ್ಟರ್ ಆಗಿದ್ದಾಗ ಟಿಕೆಟ್ ತೆಗೆಸದವನನ್ನು ಹತ್ತು ಜನರ ಮುಂದೆ ನಿಲ್ಲಿಸಿ ಮಾತಾಡಿಸಿದರೆ ಸಾಕು, ಉಳಿದವರು ತಾವಾಗಿ ಚಿಲ್ಲರೆ ತೆಗೆಯುತ್ತಿದ್ದರು. ಆ ಉಪಾಯವನ್ನೇ ಬೀದಿಗೆ ತಂದೆ. ನೀವು ಆಗಲೇ ಹೇಳಿದ್ದಿರಿ, ಇದು ಬಸ್ಸಲ್ಲ ಕಣೇ, ಇಲ್ಲಿ ಯಾರೂ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುವುದಿಲ್ಲ, ದಿನಾ ಮುಖ ನೋಡಬೇಕು ಎಂದು. ನಾನು ಕೇಳಿದೆನೇ? ನಾನು ಯಾರ ಮಾತು ಕೇಳಿದವಳು!

ಮೂಲೆಯ ಗೋಡೆಗೆ ಸುಣ್ಣ ಬಳಿದಿದ್ದರು. ಅದರ ಮೇಲೆ ‘ಇಲ್ಲಿ ಕಸ ಹಾಕಬೇಡಿ’ ಎಂದು ಬರೆಯುವ ಕೆಲಸವನ್ನು ನಿಮ್ಮನ್ನು ಕೇಳದೆಯೇ ನಿಮ್ಮ ತಲೆಗೆ ಕಟ್ಟಿದೆ. ಇಡೀ ಪೇಟೆಯ ಅಂಗಡಿ ಬೋರ್ಡುಗಳನ್ನು ಬರೆದವರು ನೀವು, ಮನೆಯ ಬೀದಿಗೆ ನಾಲ್ಕು ಅಕ್ಷರ ಬರೆಯುವುದೇನು ಮಹಾ ಅಂದೆ. ನೀವು ಹ್ಞೂಂ ಅಂದಿರಿ. ಬೆಳಗ್ಗೆ ನೋಡಿದರೆ ತಲೆನೋವೆಂದು ಮುಸುಕು ಹಾಕಿ ಮಲಗಿದ್ದೀರಿ. ನನಗೆ ರೇಗಿತು. ಅಲ್ಲಿ ಬಣ್ಣದ ಡಬ್ಬ ತೆರೆದಿಟ್ಟು ಎಲ್ಲರೂ ಕಾಯುತ್ತಿದ್ದರು. ಎದುರುಮನೆಯ ಲೆಕ್ಕದ ಮೇಷ್ಟ್ರು, ನಿಮಗೆ ಗೊತ್ತಲ್ಲ ಅವರ ಕೊಂಕು, ‘ಏನಮ್ಮ, ಪೊರಕೆ ಬರೀ ನಮ್ಮಂಥೋರ ಮನೆಗೋ, ಇಲ್ಲಾ ಕಾರ್ಯದರ್ಶಿ ಮನೆಗೂ ಬರುತ್ತೋ?’ ಎಂದರು. ನಾಲ್ಕು ಜನ ಕಿಸಕ್ಕನೆ ನಕ್ಕರು.

ಅಷ್ಟು ಸಾಕಾಯಿತು ನನಗೆ. ಆಮೇಲೆ ಸಂಘದ ಸಭೆಯಲ್ಲಿ ಮೈಕ್ ಹಿಡಿದು ವಾರದ ಸುದ್ದಿ ಓದುವಾಗ, ಈ ಸಲದ ಪೊರಕೆ ನಮ್ಮ ಮನೆಗೇ ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ‘ನಮ್ಮನೆ ಕಲಾವಿದರಿಗೆ ಈಗ ಬ್ರಷ್ಷೂ ಭಾರ ಆಗಿದೆ, ಪೊರಕೆ ಆದ್ರೂ ಎತ್ತುತ್ತಾರೇನೋ ನೋಡೋಣ’ ಎಂದೂ ಸೇರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಹಾಳಾದ ಮೈಕಿನ ಸದ್ದು ನಮ್ಮ ಮಲಗುವ ಕೋಣೆಗೂ ಕೇಳುತ್ತದೆಂದು ನನಗೆ ಹೊಳೆಯಲೇ ಇಲ್ಲ. ಮನೆಗೆ ಬಂದಾಗ ನೀವು ಊಟ ಮುಗಿಸಿ ಏಳುತ್ತಿದ್ದಿರಿ. ತಟ್ಟೆ ತೊಳೆದಿಟ್ಟಿರಿ. ಮಾರನೆಯ ದಿನ ಚೀಲ ಹೆಗಲಿಗೇರಿಸಿ, ಗೇಟಿಗೆ ಒರಗಿದ್ದ ಪೊರಕೆಯನ್ನು ಪಕ್ಕಕ್ಕೆ ಸರಿಸಿ, ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದು ಹೊರಟಿರಿ. ಆಗಲೂ ನನಗೆ ಸಿಟ್ಟೇ ಇತ್ತು, ಸುಳ್ಳು ಹೇಳುವುದಿಲ್ಲ.

ಬುಧವಾರ ಸಂಘದ ಚೀಟಿ ಹಂಚಲು ಹೋದಾಗ ಕ್ಷೌರದಂಗಡಿಯವರು ನಿಮ್ಮನ್ನು ವಿಚಾರಿಸಿದರು. ಯಜಮಾನ್ರು ಈ ವಾರ ಶೇವಿಂಗಿಗೆ ಬರಲೇ ಇಲ್ಲವಲ್ಲ ಎಂದರು. ಅವರು ಯಾಕೆ ಇಲ್ಲಿಗೆ ಬರಬೇಕು, ಮನೆಯಲ್ಲೇ ಮಾಡಿಕೊಳ್ಳುತ್ತಾರಲ್ಲ ಎಂದೆ. ಅಂಗಡಿಯವರು ನನ್ನ ಮುಖವನ್ನೇ ನೋಡಿದರು. ‘ಕೈ ನಡುಗುತ್ತಲ್ಲಮ್ಮ. ಒಂದ್ಸಲ ಗದ್ದ ಕುಯ್ಕೊಂಡಿದ್ರು. ಅವತ್ತಿಂದ ನನ್ನ ಹತ್ರಾನೇ ಬರೋದು. ನಿಮಗೆ ಹೇಳಿಲ್ವಾ?’ ಎಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕೈಯಲ್ಲಿದ್ದ ಚೀಟಿಗಳನ್ನೆಲ್ಲ ಅಲ್ಲೇ ಬೆಂಚಿನ ಮೇಲಿಟ್ಟು ಬಂದುಬಿಟ್ಟೆ. ಗೊತ್ತಿದ್ದರೆ ಹಾಗೆ ಅನ್ನುತ್ತಿದ್ದೆನೇ? ನೀವಾದರೂ ಒಂದು ಮಾತು ಹೇಳಬಾರದಿತ್ತೇ?

ಇವತ್ತು ಸಭೆ ಶುರುವಾಗುವ ಮೊದಲೇ ನಾನು ಒಬ್ಬಳೇ ಪಾರ್ಕು ಗುಡಿಸಿದೆ. ಆಮೇಲೆ ಮೈಕ್ ಹಿಡಿದು, ಹೋದ ವಾರ ನಾನು ಆಡಿದ ಮಾತು ತಪ್ಪು, ಆಡಬಾರದ್ದನ್ನು ಆಡಿದೆ, ಈ ಪೊರಕೆಯ ನಿಯಮ ಇನ್ನು ಬೇಡ ಎಂದೆ. ಅದಕ್ಕಿಂತ ಹೆಚ್ಚು ಬಿಡಿಸಿ ಹೇಳುವಂತಿರಲಿಲ್ಲ. ಯಾಕೆ ತಪ್ಪೆಂದು ಹೇಳಹೋದರೆ ನೀವು ಮುಚ್ಚಿಟ್ಟದ್ದನ್ನು ಅದೇ ಮೈಕಿನಲ್ಲಿ ನಾನೇ ಡಂಗುರ ಸಾರಿದಂತಾಗುತ್ತಿತ್ತು. ಜನಕ್ಕೆ ಏನು ಅರ್ಥವಾಯಿತೋ! ಗಂಡನ ಪಾಲಿನ ಕೆಲಸವನ್ನೂ ತಾನೇ ಮಾಡಿದಳು, ಕಾರ್ಯದರ್ಶಿ ಅಂದರೆ ಹೀಗಿರಬೇಕು ಎಂದು ಹೊಗಳಿದರು. ಮೇಷ್ಟ್ರು ಎದ್ದುನಿಂತು, ಇನ್ನೆರಡು ವರ್ಷ ಇವರೇ ಮುಂದುವರಿಯಲಿ ಎಂದರು. ಎಲ್ಲರೂ ಕೈ ಎತ್ತಿದರು. ಅಷ್ಟೂ ಕೈಗಳನ್ನು ನೋಡುತ್ತಾ ನಿಂತಿದ್ದೆ. ನನಗೆ ಚಪ್ಪಲಿಯಲ್ಲಿ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಆಗುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಸಂಘದ ಕೋಣೆಯ ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ. ಅವರು ಅದನ್ನೂ ನನ್ನ ದೊಡ್ಡತನ ಅಂದುಕೊಂಡಿರುತ್ತಾರೆ.

ಗೋಡೆಗೆ ಬೇರೆ ಪೇಂಟರನ್ನು ಕರೆಸುತ್ತೇವೆ ಎಂದು ಹಿಂದಿನಿಂದ ಯಾರೋ ಕೂಗಿದರು. ಏನಾದರೂ ಮಾಡಿಕೊಳ್ಳಲಿ. ನೀವು ಬರೆಯದಿದ್ದರೂ ಸರಿ, ಇನ್ನು ಮುಂದೆ ಬ್ರಷ್ಷನ್ನೇ ಮುಟ್ಟದಿದ್ದರೂ ಸರಿ. ನೀವು ಮನೆಗೆ ಬರಬೇಕು, ಅಷ್ಟೇ. ಒಳ್ಳೆಯ ಡಾಕ್ಟರಿಗೆ ತೋರಿಸೋಣ. ನಾನು ಜೊತೆಗೆ ಬರುತ್ತೇನೆ, ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ನಗಬೇಡಿ, ಕೂರಬಲ್ಲೆ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಬಂದು ಎದುರಿಗೆ ಕೂತು ನಾಲ್ಕು ಮಾತು ಬೈಯಿರಿ. ಈ ಮನೆಯಲ್ಲಿ ನನ್ನ ದನಿ ಬಿಟ್ಟರೆ ಬೇರೆ ಸದ್ದಿಲ್ಲ, ನನಗೇ ಅದು ಬೇಸರ ಬಂದಿದೆ.

ಅಕ್ಕನಿಗೆ ನಮಸ್ಕಾರ ತಿಳಿಸಿ. ಫೋನಿನಲ್ಲಿ ಅವರು ಹೇಳುವ ಸುಳ್ಳಿಗೆ ನನಗೇನೂ ಬೇಸರವಿಲ್ಲ ಎಂದೂ ಹೇಳಿ.

ಇಂತಿ,
ನಿಮ್ಮ ಸೀಟಿ
(ಹಾಗೆ ಕರೆಯುವವರು ನೀವೊಬ್ಬರೇ. ವಾರದಿಂದ ಯಾರೂ ಕರೆದಿಲ್ಲ.)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಕ್ಷೌರದಂಗಡಿಯವರು ಹೇಳಿದ ಮೇಲೆ ಗೊತ್ತಾಯಿತು ಎಂದು ಬರೆದೆನಲ್ಲ, ಅದು ಸುಳ್ಳು. ನಿಮ್ಮ ಅಂಗಿಗಳ ಗುಂಡಿಗಳು ಈಗೀಗ ಸಲೀಸಾಗಿ ಹಾಕಲು ಬರುತ್ತವೆ, ನೋಡಿದ್ದೀರಾ? ಬಟ್ಟೆ ಹಳೆಯದಾಗಿ ಸಡಿಲವಾಯಿತೆಂದು ನೀವು ಅಂದುಕೊಂಡಿರಬಹುದು. ಕನ್ನಡಿ ಮುಂದೆ ನೀವು ಒಂದು ಗುಂಡಿಗೆ ಒದ್ದಾಡುವುದನ್ನು ಬಾಗಿಲ ಸಂದಿಯಿಂದ ನೋಡಿ, ಪ್ರತಿಯೊಂದು ತೂತನ್ನೂ ಬ್ಲೇಡಿನಿಂದ ದೊಡ್ಡದು ಮಾಡಿ ಅಂಚು ಹೊಲಿದವಳು ನಾನು. ಬ್ರಷ್ ಕೈಗೆ ಬಂದರೆ ನಡುಕ ತಾನಾಗಿ ನಿಲ್ಲುತ್ತದೆಂದು ಆಸೆಯಿಂದ ಆ ಗೋಡೆ ಒಪ್ಪಿಸಿದೆ. ಆದರೆ ಮೈಕಿನಲ್ಲಿ ಆಡಿದ್ದಕ್ಕೆ ಯಾವ ನೆಪವೂ ಇಲ್ಲ. ಗೊತ್ತಿದ್ದೇ ಅಂದೆ. ಜನ ನಕ್ಕಾಗ ನನಗೆ ಖುಷಿಯೂ ಆಯಿತು.