ಗೆದ್ದ ತಳಿ

12-1-2008, ರಾತ್ರಿ
ಮಾತ್ರೆ ನುಂಗಿದ್ದಾಯ್ತು. ಅದರ ಬಣ್ಣಕ್ಕೆ ಉಚ್ಚೆ ಇವತ್ತೂ ಕೆಂಪು. ಕ್ಷಯ ಅಂತ ಹೆಂಡತಿ ಜಲಜಳಿಗೆ, ಮಾತ್ರೆ ಕೊಡುವ ಅಂಗನವಾಡಿ ಟೀಚರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಊರಿಗೆಲ್ಲ ದಮ್ಮು ಅಂದಿದ್ದೇನೆ. ಆರು ತಿಂಗಳು ನುಂಗಬೇಕಂತೆ... ನನ್ನಂಥ ಆಸಾಮಿಗೆ ಎರಡು ಸಾಕು.
ಮಧ್ಯಾಹ್ನ ಕೊಕ್ಕರ್ಣೆ ಕೋಳಿ ಅಂಕ. ಕಾಲಿಗೆ ಬಾಳುಕತ್ತಿ ಕಟ್ಟಿ ಬಿಟ್ಟದ್ದೇ ತಡ, ಮೂರನೇ ನೆಗೆತಕ್ಕೆ ಎದುರಾಳಿ ಭೋಜಣ್ಣನ ಹುಂಜ ಚಿತ್. ಗೆದ್ದ ನಮ್ಮ ಹುಂಜ ಕೆಂಪನ ಅಪ್ಪ, ಅಜ್ಜ ಎಲ್ಲ ನಾನೇ ಆರಿಸಿದ್ದು. ಹೆದರುವ ಹುಂಜ ಸಾರಿಗೆ, ಎದುರು ನಿಲ್ಲುವುದು ಹೇಂಟೆಗಳ ಜೊತೆಗೆ. ಇಪ್ಪತ್ತು ವರ್ಷದ ಕೆಲಸ.

3-2-2008
ಅಕ್ಕನ ಮಗಳು ಸೌಜನ್ಯ ಬಂದಿದ್ದಳು. ಬೈಂದೂರಲ್ಲಿ ಸಾಯನ್ಸ್ ಟೀಚರ್. ಕೆಂಪನ ಕಣ್ಣು ತೋರಿಸಿದೆ. "ಹೆಣೆ, ಇಷ್ಟ್ ಚೆಂದದ್ ಕಣ್ಣ್ ಯಾರೂ ಮಾಡ್ದೆ ಆತ್ತಾ? ಈ ತಳಿಗೆ ನಾನ್ ಇದ್ದಂಗೆ ಲೋಕಕ್ಕೂ ಒಬ್ಬ ಬೇಡ್ದಾ?"
"ಆರ್ಸುಕೆ ಯಾರೂ ಬೇಡ ಮಾವ. ಸಾಯುದ್ ಸಾಯ್ತ್, ಉಳ್ದದ್ ಮರಿ ಹಾಕತ್ತ್."
"ಹಾಂಗಾರೆ ದೇವ್ರಿಗೆ ಪೆನ್ಶನ್ನಾ?"
ಜಲಜ ನಕ್ಕು ಚಾ ಚೆಲ್ಲಿದಳು. ನಾನೇ ಗೆದ್ದೆ.

20-3-2008
ಕೆಮ್ಮಿಲ್ಲ. ಆರು ಕಿಲೋ ಏರಿದ್ದೇನೆ. ಅಂಗನವಾಡಿಯ ಕುಸುಮಾವತಿ ಟೀಚರ್ ಎದುರಿಗೇ ಮಾತ್ರೆ ನುಂಗಿಸುತ್ತಾರೆ. ನಾಲಗೆಯಡಿ ಇಟ್ಟುಕೊಂಡು ಬಂದು ಮಲ್ಲಿಗೆ ಬುಡಕ್ಕೆ ಉಗಿದೆ. ಒಂದೊಂದು ದಿನ ನುಂಗುತ್ತೇನೆ — ಪಾಪ, ಅವರ ಸಮಾಧಾನಕ್ಕೆ.

9-11-2009
ಕೆಮ್ಮು ಮಳೆಗಾಲದಿಂದ ತಿರುಗಿ ಹಿಡಿದಿದೆ. ಬೀಡಿಯದ್ದು ಅಂದೆ. ಈಗ ಜಲಜಳಿಗೂ. ಅವಳು ಬೀಡಿ ಸೇದುವವಳಲ್ಲ.

14-6-2010
ಜಲಜಳಿಗೂ ಕ್ಷಯವೇ. ಮೂರು ತಿಂಗಳಿಂದ ಒಂದು ಮಾತ್ರೆಯೂ ಬಿಟ್ಟಿಲ್ಲ. ಮೂವತ್ತೆರಡು ಕಿಲೋ. ಡಾಕ್ಟರು ಅಂದರು, ಇವರ ರೋಗಾಣುವಿಗೆ ಈ ಮದ್ದು ನಾಟುವುದಿಲ್ಲ; ಮದ್ದು ಅರ್ಧಕ್ಕೆ ಬಿಟ್ಟ ಯಾರಿಂದಲೋ ಬಂದದ್ದು. ಬೇರೆ ಮದ್ದು ಇಲ್ಲಿಗಿನ್ನೂ ಬಂದಿಲ್ಲವಂತೆ. ಹೆಸರು ಬರೆದುಕೊಂಡರು.
ಆಸ್ಪತ್ರೆಗೆ ಜೊತೆಗೆ ಬಂದಿದ್ದ ಸೌಜನ್ಯಳನ್ನು ಬಸ್ಸಿನಲ್ಲಿ ಕೇಳಿದೆ, ಅರ್ಧಕ್ಕೆ ಬಿಟ್ಟರೆ ಎಂತ ಆತ್ತ್?
"ಬಲ ಇಲ್ದಿದ್ದ್ ರೋಗಾಣು ಸಾಯ್ತ್ ಮಾವ, ಗಟ್ಟಿದ್ ಉಳಿತ್. ಮತ್ತೆ ಗಟ್ಟಿದ್ರದ್ದೇ ಸಂತಾನ. ನಿಮ್ಮ ಹುಂಜದ್ ಹಾಂಗೇ."
ಸುಮ್ಮನೆ ಹೇಳಿದ್ದು. ಮಲ್ಲಿಗೆ ಬುಡ ಅವಳಿಗೆ ಗೊತ್ತಿಲ್ಲ.

15-6-2010
ಆರಿಸಲು ಯಾರೂ ಬೇಡ ಅಂದಿದ್ದಳು. ಇದಕ್ಕೆ ಒಬ್ಬ ಇದ್ದ. ಕೆಂಪನನ್ನೂ ಇಷ್ಟು ಗಟ್ಟಿ ಮಾಡಿರಲಿಲ್ಲ.

20-8-2010, ಸಂಜೆ
ಗಂಜಿ ನೀರೂ ಬೇಡ ಅಂದಳು. ಹತ್ತಿರ ಕರೆದಳು.
"ಹ್ವಾಯ್, ನಾನ್ ಒಂದ್ ಮಾತ್ರೆನೂ ಬಿಡ್ಲಿಲ್ಲೆ ಅಲ್ದಾ?"
"ಇಲ್ಲೆ."
"ನಿಮ್ಗ್ ನಾಟಿದ್ದ್ ನಂಗೆಂತಕ್ಕೆ ನಾಟ್ಲಿಲ್ಲೆ?"
ಎದ್ದು ಜಗಲಿಗೆ ಬಂದೆ. ಮಲ್ಲಿಗೆ ಬುಡದಲ್ಲಿ ನೀರು ನಿಂತಿದೆ. ಒಳಗಿಂದ ಮತ್ತೆ ಕರೆಯುತ್ತಿದ್ದಾಳೆ. ಹೇಳಲು ಬಾಯಿ ಬರುವುದಿಲ್ಲ, ಬರೆದು ನೋಡುತ್ತೇನೆ. ಜಲಜಾ, ನಿನಗೆ ಈ ರೋಗ ಕೊಟ್ಟದ್ದು